ಗಾಡಿ ನಡುಗಿದಾಗ: ಹಳೆಯ ಪಿಕಪ್ ಮತ್ತು ಎಂಜಿನ್ ದೀಪದ ಭಾಷೆ
(ತುಕ್ಕಾನಟ್ಟಿಯಲ್ಲಿ ಸಂಘದ ಸದಸ್ಯರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)





ಇಂಥ ಸಭೆಗಳಲ್ಲಿ ಡಾಕ್ಟರಾಗಿ, ಎಂಜಿನಿಯರಾಗಿ, ಕೆಎಎಸ್ ಬರೆಯಿರಿ ಎಂಬ ಮಾತುಗಳನ್ನು ನೀವು ಪ್ರತಿ ವರ್ಷ ಕೇಳುತ್ತೀರಿ. ಒಳ್ಳೆಯ ಮಾತುಗಳೇ. ಆದರೆ ನಿಮ್ಮಲ್ಲಿ ಹಲವರ ಮನೆಯ ಅನ್ನ ಒಂದು ಸ್ಟೇರಿಂಗಿನ ಮೇಲೋ ಒಂದು ಪಾನೆಯ ಮೇಲೋ ನಿಂತಿದೆ ಎಂಬುದೂ ಸತ್ಯ. ಘಟಪ್ರಭೆಯ ನೀರು ಹರಿಯುವ ಈ ಸೀಮೆಯಲ್ಲಿ ಕಬ್ಬು, ಗೋವಿನಜೋಳ, ಅರಿಶಿನ, ತರಕಾರಿ ಬೆಳೆಯುವವರು ರೈತರು. ಅದನ್ನು ಗೋಕಾಕ, ಮೂಡಲಗಿ, ಸಂಕೇಶ್ವರ, ಬೆಳಗಾವಿಗಳ ಪೇಟೆಗೆ ಹೊತ್ತೊಯ್ಯುವುದು ಪಿಕಪ್ ಗಾಡಿ. ಆ ಗಾಡಿ ಒಂದು ವಾರ ಗ್ಯಾರೇಜಿನಲ್ಲಿ ನಿಂತರೆ ಬಾಡಿಗೆ ಹೋಯಿತು, ಕಂತು ಉಳಿಯಿತು. ಹಾಗಾಗಿ ಇಂದು ನಾನು ಹಳೆಯ ಪಿಕಪ್ ಒಂದು ನಡುಗತೊಡಗಿದರೆ, ಅದರ ಮೀಟರಿನಲ್ಲಿ ಹಳದಿ ಎಂಜಿನ್ ದೀಪ ಉರಿದರೆ ಏನು ಮಾಡಬೇಕು ಎಂಬ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಇದು ಓದಿನ ವಿಷಯವೂ ಹೌದು. ಹೇಗೆ ಎಂಬುದು ಮುಂದೆ ಗೊತ್ತಾಗುತ್ತದೆ.

ಮೊದಲು ನಮ್ಮ ರಸ್ತೆಗಳ ಮೇಲಿರುವ ಗಾಡಿಗಳಲ್ಲಿ ಎರಡು ತಲೆಮಾರುಗಳಿವೆ ಎಂಬುದನ್ನು ತಿಳಿದುಕೊಳ್ಳಿ. ಟಾಟಾ 207, ಹಳೆಯ ಬೊಲೆರೊ ಪಿಕಪ್, ಮೊದಲ ವರ್ಷಗಳ ಟಾಟಾ ಏಸ್ ಇವುಗಳಲ್ಲಿ ಡೀಸೆಲನ್ನು ಅಳೆದು ಕೊಡುವುದು ಯಂತ್ರದ ಪಂಪು. ಅಲ್ಲಿ ಕಂಪ್ಯೂಟರ್ ಇಲ್ಲ, ಕೋಡೂ ಇಲ್ಲ. ಕಿವಿ, ಮೂಗು, ಹೊಗೆಯ ಬಣ್ಣ ಇವೇ ಸ್ಕ್ಯಾನರ್. ಎರಡನೆಯ ತಲೆಮಾರು ಕಾಮನ್ ರೈಲ್ ಎಂಜಿನ್ನಿನದು. ಭಾರತ್ ಸ್ಟೇಜ್ 4 ನಿಯಮ 2017ರ ಏಪ್ರಿಲ್ 1ರಿಂದ ದೇಶದ ಎಲ್ಲೆಡೆ ಜಾರಿಗೆ ಬಂದಾಗ ನಮ್ಮ ಹಳ್ಳಿಗಳ ಪಿಕಪ್‌ಗಳಿಗೂ ಈ ವ್ಯವಸ್ಥೆ ಬಂತು. 2020ರ ಏಪ್ರಿಲ್‌ನಿಂದ ಬಿಎಸ್ 6 ಬಂದಿದೆ. ಅಂದರೆ ಇಂದು ಸೆಕೆಂಡ್ ಹ್ಯಾಂಡ್ ಆಗಿ ನಿಮ್ಮ ಮನೆಗೆ ಬರುತ್ತಿರುವ ಬಿಎಸ್ 4 ಗಾಡಿಯೂ ಈಗ ಹಳೆಯ ಗಾಡಿಯೇ. ಅದರ ಹೊಟ್ಟೆಯಲ್ಲಿ ಮಾತ್ರ ಒಂದು ಕಂಪ್ಯೂಟರ್ ಇದೆ.

ಈ ಕಂಪ್ಯೂಟರ್ ತನ್ನ ದೂರನ್ನು ಐದು ಅಕ್ಷರಾಂಕಗಳಲ್ಲಿ ಬರೆದಿಡುತ್ತದೆ. ಉದಾಹರಣೆಗೆ ಪಿ0303. ಮೊದಲ ಅಕ್ಷರ ಪಿ ಎಂದರೆ ಎಂಜಿನ್ ಮತ್ತು ಗೇರುಪೆಟ್ಟಿಗೆಗೆ ಸಂಬಂಧಿಸಿದ್ದು. ಅದರ ಮುಂದಿನ ಸೊನ್ನೆ ಎಂದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥವಿರುವ ಕೋಡ್. ಅಲ್ಲಿ 1 ಇದ್ದರೆ ಆಯಾ ಕಂಪನಿಯ ಸ್ವಂತ ಕೋಡ್. ನಂತರದ ಅಂಕಿ ವಿಭಾಗವನ್ನು ಹೇಳುತ್ತದೆ: 1 ಮತ್ತು 2 ಗಾಳಿ ಹಾಗೂ ಇಂಧನ, 3 ದಹನ, 4 ಹೊಗೆ ನಿಯಂತ್ರಣ, 5 ಐಡ್ಲಿಂಗ್ ಮತ್ತು ವೇಗ, 6 ಕಂಪ್ಯೂಟರ್. ಕೊನೆಯ ಎರಡು ಅಂಕಿಗಳು ನಿರ್ದಿಷ್ಟ ದೋಷ. ಹಾಗಾದರೆ ಪಿ0303 ಎಂದರೆ ಮೂರನೆಯ ಸಿಲಿಂಡರ್ ಮಿಸ್ ಹೊಡೆಯುತ್ತಿದೆ. ಪಿ0300 ಎಂದರೆ ಒಂದಲ್ಲ ಒಂದು ಸಿಲಿಂಡರ್ ಮನಬಂದಂತೆ ಮಿಸ್ ಆಗುತ್ತಿದೆ. ಅಮೆರಿಕದಲ್ಲಿ 1996ರಿಂದ ಕಾರು ಮತ್ತು ಪಿಕಪ್‌ಗಳಿಗೆ ಕಡ್ಡಾಯವಾದ ವ್ಯವಸ್ಥೆ ಇದು. ಅಲ್ಲಿಯ ಮೆಕ್ಯಾನಿಕ್ ಓದುವ ಪಿ0303ನ್ನೇ ತುಕ್ಕಾನಟ್ಟಿಯ ಹುಡುಗನೂ ಓದುತ್ತಾನೆ.

ಸಿಲಿಂಡರ್ ಮಿಸ್ ಆಗಿದ್ದು ಕಂಪ್ಯೂಟರಿಗೆ ಹೇಗೆ ತಿಳಿಯುತ್ತದೆ? ಇದು ಬಹಳ ಸೊಗಸಾದ ಸಂಗತಿ. ಕ್ರ್ಯಾಂಕ್ ಶಾಫ್ಟಿನ ಜೊತೆ ಹಲ್ಲುಗಳಿರುವ ಒಂದು ಚಕ್ರ ತಿರುಗುತ್ತದೆ. ಎದುರಿನ ಸೆನ್ಸರ್ ಒಂದೊಂದು ಹಲ್ಲು ದಾಟುವ ಸಮಯವನ್ನು ಅಳೆಯುತ್ತದೆ. ಸಿಲಿಂಡರ್ ಉರಿದಾಗ ಕ್ರ್ಯಾಂಕಿಗೆ ಒಂದು ತಳ್ಳು ಸಿಗುತ್ತದೆ, ಹಲ್ಲುಗಳು ಬೇಗ ದಾಟುತ್ತವೆ. ಉರಿಯದಿದ್ದರೆ ಕೂದಲೆಳೆಯಷ್ಟು ತಡವಾಗುತ್ತದೆ. ನಿಮಿಷಕ್ಕೆ 800 ಸುತ್ತು ಐಡ್ಲಿಂಗಿನಲ್ಲಿ ನಾಲ್ಕು ಸಿಲಿಂಡರಿನ ಎಂಜಿನ್ ಸೆಕೆಂಡಿಗೆ ಸುಮಾರು 27 ಸಲ ಉರಿಯುತ್ತದೆ. ಒಂದು ಸಿಲಿಂಡರ್ ಸತ್ತರೆ ಅದರಲ್ಲಿ ಆರೇಳು ಪೆಟ್ಟುಗಳು ತಪ್ಪುತ್ತವೆ. ನಮ್ಮ ಹಳೆಯ ಉಸ್ತಾದರು ಸ್ಕ್ರೂ ಡ್ರೈವರಿನ ಹಿಡಿಕೆಯನ್ನು ಕಿವಿಗಿಟ್ಟು ಕೇಳುತ್ತಿದ್ದುದು ಈ ತಪ್ಪಿದ ಪೆಟ್ಟನ್ನೇ. ಕಂಪ್ಯೂಟರ್ ಮಾಡುವುದೂ ಅದೇ ಕೆಲಸ.

ಕ್ರ್ಯಾಂಕಿನ ಮಾತು ಬಂದಿದ್ದರಿಂದ ಒಂದು ಮಾತು ಸೇರಿಸುತ್ತೇನೆ. ದಿಯಾರ್‌ಬಕಿರ್‌ನ ಅರ್ತುಕಿದ್ ಆಸ್ಥಾನದಲ್ಲಿದ್ದ ಇಸ್ಮಾಯಿಲ್ ಅಲ್ ಜಝರಿ ಎಂಬ ಯಂತ್ರಶಿಲ್ಪಿ 1206ರಲ್ಲಿ ಮುಗಿಸಿದ ಗ್ರಂಥದಲ್ಲಿ ನೀರೆತ್ತುವ ಯಂತ್ರಕ್ಕೆ ಕ್ರ್ಯಾಂಕನ್ನು ಬಳಸುವ ವಿವರ, ಚಿತ್ರಗಳಿವೆ. ನಾವು ಇಂಥ ಹೆಸರುಗಳನ್ನು ವೇದಿಕೆಯ ಮೇಲೆ ಹೆಮ್ಮೆಯಿಂದ ಹೇಳುತ್ತೇವೆ, ಗ್ಯಾರೇಜಿನ ಹುಡುಗನನ್ನು ಮಾತ್ರ ಓದಲಾರದೆ ಹೋದವನೆಂದು ನೋಡುತ್ತೇವೆ. ಅಲ್ ಜಝರಿಯ ಕೈಗೂ ಎಣ್ಣೆ ಹತ್ತಿರಬೇಕಲ್ಲ!

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕೋಡ್ ಎಂದರೆ ತೀರ್ಪು ಎಂದು ಬಹಳ ಜನ ತಿಳಿದಿದ್ದಾರೆ. ಸ್ಕ್ಯಾನರ್ ಹಚ್ಚಿದರು, ಪಿ0303 ಬಂತು, ಮೂರನೆಯ ಇಂಜೆಕ್ಟರ್ ತೆಗೆದು ಹೊಸದು ಹಾಕಿದರು. ದೀಪ ಮತ್ತೆ ಬಂತು. ಈಗ ನಾಲ್ಕೂ ಇಂಜೆಕ್ಟರ್ ಬದಲಿಸಿ ಎಂದರು. ಗಾಡಿಯ ಮಾಲೀಕ ಹತ್ತಾರು ಸಾವಿರ ಕೊಟ್ಟ. ಕೊನೆಗೆ ನೋಡಿದರೆ ಇಲಿ ಕಡಿದ ವಯರ್! ಕೋಡ್ ಹೇಳುವುದು ಕೂಗು ಯಾವ ಮನೆಯಿಂದ ಬಂತು ಎಂದಷ್ಟೇ. ಒಳಗೆ ಏನಾಯಿತು ಎಂದು ಹೋಗಿ ನೋಡಬೇಕಾದವರು ನೀವು. ನಿಮ್ಮ ಊರಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಸುರಿಯಬೇಡಿ ಎಂಬ ಮಾತು ನಿಮಗೆ ಹೊಸದಲ್ಲ. ಪರೀಕ್ಷೆ ಮಾಡದೆ ಬಿಡಿಭಾಗ ಬದಲಿಸುವುದೂ ಅದೇ ಜಾತಿಯ ಕೆಲಸ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಕೀ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ. ಎಂಜಿನ್ ದೀಪ ಉರಿಯಬೇಕು. ಸ್ಟಾರ್ಟ್ ಆದ ಮೇಲೆ ಆರಬೇಕು. ಕೀ ತಿರುಗಿಸಿದಾಗಲೂ ದೀಪ ಬಾರದಿದ್ದರೆ ಸಂತೋಷಪಡಬೇಡಿ, ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆ. ಹಳೆಯ ಗಾಡಿ ಕೊಳ್ಳಲು ಹೋದಾಗ ನಿಮ್ಮ ತಂದೆಯವರಿಗೆ ಈ ಒಂದು ಮಾತನ್ನು ತಪ್ಪದೆ ಹೇಳಿ. ಹಾಗೆಯೇ ಮಾರುವ ಮುನ್ನ ಕೋಡ್ ಅಳಿಸಿಟ್ಟಿರುವುದೂ ಉಂಟು. ಗಾಡಿಯನ್ನು ಐವತ್ತು ಕಿಲೋಮೀಟರ್ ಓಡಿಸಿ, ಏರು ಹತ್ತಿಸಿ, ಮತ್ತೆ ಓದಿಸಿದರೆ ಬಚ್ಚಿಟ್ಟದ್ದು ಸಾಮಾನ್ಯವಾಗಿ ಹೊರಬರುತ್ತದೆ.

ಕೋಡ್ ಸಿಕ್ಕ ಕೂಡಲೇ ಅಳಿಸಬೇಡಿ. ಬ್ಯಾಟರಿಯ ಟರ್ಮಿನಲ್ ತೆಗೆದು ಹಾಕಿದರೆ ದೀಪ ಹೋಗುತ್ತದೆ ಎಂಬುದು ಗ್ಯಾರೇಜುಗಳಲ್ಲಿ ಪ್ರಸಿದ್ಧ ಚಿಕಿತ್ಸೆ. ಹೋಗುವುದು ದೀಪ, ಜೊತೆಗೆ ಸಾಕ್ಷಿಯೂ. ಕೋಡ್ ಬಿದ್ದ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ಸುತ್ತಿನಲ್ಲಿತ್ತು, ಎಷ್ಟು ಲೋಡಿನಲ್ಲಿತ್ತು ಎಂಬುದನ್ನೂ ಕಂಪ್ಯೂಟರ್ ಬರೆದಿಟ್ಟಿರುತ್ತದೆ; ಇದಕ್ಕೆ ಫ್ರೀಜ್ ಫ್ರೇಮ್ ಎನ್ನುತ್ತಾರೆ. ಒಂದು ವಹಿಯಲ್ಲಿ ಎಲ್ಲವನ್ನೂ ಬರೆದುಕೊಂಡ ಮೇಲೆ ಮುಂದಿನ ಕೆಲಸ.

ಆ ಮುಂದಿನ ಕೆಲಸ ಬ್ಯಾಟರಿ ಮತ್ತು ಅರ್ಥಿಂಗ್. ಇದನ್ನು ಹೇಳಿದರೆ ನಗುತ್ತಾರೆ, ಆದರೂ ಹೇಳುತ್ತೇನೆ. ನಿಂತ ಗಾಡಿಯ ಬ್ಯಾಟರಿ 12.4ರಿಂದ 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ ಒಂಬತ್ತೂವರೆಗಿಂತ ಕೆಳಗಿಳಿಯಬಾರದು. ಎಂಜಿನ್ ಓಡುವಾಗ 14ರ ಆಸುಪಾಸಿನಲ್ಲಿರಬೇಕು. ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿ ಮಳೆಗಾಲದ ಕೆಸರಿಗೆ ತುಕ್ಕು ಹಿಡಿದಿದ್ದರೆ ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಕೋಡ್‌ಗಳು ಒಟ್ಟಿಗೆ ಬರುತ್ತವೆ. ಐದು ಸೆನ್ಸರ್ ಒಂದೇ ದಿನ ಸಾಯುವುದಿಲ್ಲ. ಅಂಥಲ್ಲಿ ಅವುಗಳಿಗೆಲ್ಲ ಸಮಾನವಾದದ್ದನ್ನು ಹುಡುಕಿ: ಅರ್ಥಿಂಗ್, ಅಥವಾ ಸೆನ್ಸರುಗಳಿಗೆ ಹೋಗುವ 5 ವೋಲ್ಟಿನ ಲೈನ್. ನೂರಿನ್ನೂರು ರೂಪಾಯಿಯ ಮಲ್ಟಿಮೀಟರ್ ಮಾಡುವ ಈ ಕೆಲಸವನ್ನು ಸಾವಿರಾರು ರೂಪಾಯಿಯ ಸ್ಕ್ಯಾನರ್ ಮಾಡಲಾರದು.

ಸ್ಕ್ಯಾನರಿನ ಮೇಲೆ ಇಂಗ್ಲಿಷಿನಲ್ಲಿ ಬರುವ ಮಾತುಗಳಿಗೆ ಹೆದರಬೇಡಿ. ಕನ್ನಡ ಮಾಧ್ಯಮದವರೂ ಉರ್ದು ಮಾಧ್ಯಮದವರೂ ಮೂರು ಮಾತು ಕಲಿತರೆ ಅರ್ಧ ಕೆಲಸವಾಯಿತು. ‘ಸರ್ಕ್ಯೂಟ್ ಲೋ’ ಎಂದರೆ ಸಿಗ್ನಲ್ಲಿನ ವೋಲ್ಟೇಜ್ ಇರಬೇಕಾದ್ದಕ್ಕಿಂತ ಕೆಳಗಿದೆ. ವಯರ್ ಎಲ್ಲೋ ಬಾಡಿಗೆ ತಗುಲಿರಬಹುದು. ‘ಸರ್ಕ್ಯೂಟ್ ಹೈ’ ಎಂದರೆ ವೋಲ್ಟೇಜ್ ಮೇಲೆ ಹೋಗಿದೆ. ಬಹಳ ಸೆನ್ಸರುಗಳಲ್ಲಿ ಇದರ ಅರ್ಥ ವಯರ್ ತುಂಡಾಗಿದೆ ಅಥವಾ ಸಾಕೆಟ್ ಕಳಚಿದೆ. ‘ರೇಂಜ್ ಪರ್ಫಾರ್ಮೆನ್ಸ್’ ಎಂದರೆ ವಯರ್ ಸರಿಯಿದೆ, ಆದರೆ ಸೆನ್ಸರ್ ಹೇಳುವ ಮಾತು ನಂಬುವಂತಿಲ್ಲ. ಉದಾಹರಣೆಗೆ ಪಿ0118. ನೀರಿನ ಉಷ್ಣತೆಯ ಸೆನ್ಸರ್, ಸರ್ಕ್ಯೂಟ್ ಹೈ. ಸಾಕೆಟ್ ತೆಗೆದು ಮೀಟರಿನಿಂದ ಅಳೆಯಿರಿ. ತಣ್ಣಗಿದ್ದಾಗ ಎರಡು ಮೂರು ಸಾವಿರ ಓಮ್, ಎಂಜಿನ್ ಕಾದಾಗ ಇನ್ನೂರು ಮುನ್ನೂರು ಓಮ್ ಆಸುಪಾಸು ಬಂದರೆ ಸೆನ್ಸರ್ ಚೆನ್ನಾಗಿದೆ, ತೊಂದರೆ ವಯರಿನಲ್ಲಿದೆ. ಓಮ್ ನಿಯಮವನ್ನು ನೀವು ಹತ್ತನೆಯ ತರಗತಿಯಲ್ಲಿ ಓದಿದ್ದೀರಿ. ಎಂಟನೆಯ ತರಗತಿಗೇ ಶಾಲೆ ಬಿಟ್ಟು ಗ್ಯಾರೇಜು ಸೇರಿದ ಹುಡುಗನ ಕಿವಿ ನಿಮಗಿಂತ ಚುರುಕು, ಕೈ ನಿಮಗಿಂತ ಚುರುಕು. ಅವನು ಸೋಲುವುದು ಈ ಜಾಗದಲ್ಲಿ. ನಮ್ಮ ಸಮಾಜದ ಎಷ್ಟೋ ಒಳ್ಳೆಯ ಮೇಸ್ತ್ರಿಗಳು ಹೊಸ ಗಾಡಿ ಬಂದಾಗ ‘ಇದು ಸೆನ್ಸರ್ ಗಾಡಿ, ಬೇರೆ ಕಡೆ ಒಯ್ಯಿರಿ’ ಎಂದು ವಾಪಸು ಕಳಿಸುತ್ತಿದ್ದಾರೆ. ಇಪ್ಪತ್ತು ವರ್ಷದ ಅನುಭವ ಎರಡು ವರ್ಷದ ಓದಿನ ಕೊರತೆಯಿಂದ ಮೂಲೆಗೆ ಬೀಳುವುದನ್ನು ನೋಡಿದರೆ ಸಂಕಟವಾಗುತ್ತದೆ.

ಒಂದು ಪ್ರಕರಣವನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸೋಣ. ಬಿಎಸ್ 4 ಪಿಕಪ್. ಐಡ್ಲಿಂಗಿನಲ್ಲಿ ನಡುಗುತ್ತದೆ, ಗೋವಿನಜೋಳದ ಚೀಲ ಹೇರಿಕೊಂಡು ಏರು ಹತ್ತುವಾಗ ದಮ್ಮು ಕಳೆದುಕೊಳ್ಳುತ್ತದೆ. ಕೋಡ್ ಪಿ0087, ಅಂದರೆ ರೈಲಿನಲ್ಲಿ ಡೀಸೆಲ್ ಒತ್ತಡ ಕಡಿಮೆ. ‘ಪಂಪು ಹೋಗಿದೆ’ ಎಂಬ ಮಾತು ತಕ್ಷಣ ಬರುತ್ತದೆ. ಡೀಸೆಲ್ ಹಾದುಬರುವ ದಾರಿಯನ್ನು ನೆನಪಿಸಿಕೊಳ್ಳಿ: ಟ್ಯಾಂಕು, ಪೈಪು, ಫಿಲ್ಟರ್, ಪಂಪು, ರೈಲು, ಇಂಜೆಕ್ಟರ್. ಒತ್ತಡ ಎಲ್ಲಿ ಬೇಕಾದರೂ ಸೋರಬಹುದು, ಎಲ್ಲಿ ಬೇಕಾದರೂ ತಡೆಯಾಗಬಹುದು. ಅಗ್ಗದ ಕಡೆಯಿಂದ ಹೊರಡಿ. ಫಿಲ್ಟರ್ ಯಾವಾಗ ಬದಲಾಯಿಸಿದ್ದು? ತಳದ ತಿರುಪು ಬಿಚ್ಚಿದರೆ ನೀರು ಬರುತ್ತದೆಯೇ? ಡ್ರಮ್ಮಿನಲ್ಲಿಟ್ಟ ಡೀಸೆಲ್ ಹಾಕುವ ನಮ್ಮ ಕಡೆಯ ಗಾಡಿಗಳಲ್ಲಿ ಮಳೆಗಾಲಕ್ಕೆ ನೀರು ಸಿಗದಿದ್ದರೇ ಆಶ್ಚರ್ಯ. ಫಿಲ್ಟರಿನಿಂದ ಪಂಪಿಗೆ ಹೋಗುವ ಕಡೆ ಒಂದು ಗೇಣು ಪಾರದರ್ಶಕ ಪೈಪು ಜೋಡಿಸಿ ನೋಡಿ. ಗುಳ್ಳೆಗಳು ಓಡುತ್ತಿದ್ದರೆ ಎಲ್ಲೋ ಸಡಿಲವಾದ ಕ್ಲಿಪ್ಪಿನಿಂದ ಗಾಳಿ ಎಳೆಯುತ್ತಿದೆ. ಪಂಪಿನ ತಪ್ಪೇನೂ ಇಲ್ಲ.

ಆಮೇಲೆ ಸ್ಕ್ಯಾನರಿನಲ್ಲಿ ಕೋಡನ್ನು ಬಿಟ್ಟು ಲೈವ್ ಡೇಟಾ ತೆರೆಯಿರಿ. ಕಂಪ್ಯೂಟರ್ ಕೇಳಿದ ಒತ್ತಡ ಒಂದು, ಸಿಕ್ಕ ಒತ್ತಡ ಇನ್ನೊಂದು. ಐಡ್ಲಿಂಗಿನಲ್ಲಿ ಇವೆರಡೂ ಸುಮಾರು ಮುನ್ನೂರು ಬಾರ್ ಆಸುಪಾಸಿನಲ್ಲಿ ಜೊತೆಯಾಗಿದ್ದು, ಲೋಡ್ ಬಿದ್ದಾಗ ಮಾತ್ರ ಎರಡನೆಯದು ಹಿಂದೆ ಬಿದ್ದರೆ ಪೂರೈಕೆ ಸಾಲುತ್ತಿಲ್ಲ. ಫಿಲ್ಟರನ್ನೇ ಮೊದಲು ಅನುಮಾನಿಸಿ. ನಿಂತಲ್ಲೇ ಏರಿಳಿತವಾಗುತ್ತಿದ್ದರೆ ಗಾಳಿ ಅಥವಾ ಒತ್ತಡ ನಿಯಂತ್ರಿಸುವ ವಾಲ್ವ್. ಬೆಳಗ್ಗೆ ಚೆನ್ನಾಗಿ ಸ್ಟಾರ್ಟ್ ಆಗಿ, ಕಾದ ಮೇಲೆ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗಲು ಸತಾಯಿಸಿದರೆ ಇಂಜೆಕ್ಟರ್ ಒಳಗೆ ಸೋರುತ್ತಿರಬಹುದು, ಏಕೆಂದರೆ ಬಿಸಿ ಡೀಸೆಲ್ ತೆಳುವಾಗುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು ನಾಲ್ಕು ಸಮ ಅಳತೆಯ ಬಾಟಲಿಗಳು ಸಾಕು. ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪನ್ನು ಒಂದೊಂದು ಬಾಟಲಿಗೆ ಬಿಟ್ಟು ಕೆಲವು ನಿಮಿಷ ಎಂಜಿನ್ ಓಡಿಸಿದಾಗ ಒಂದು ಬಾಟಲಿ ಉಳಿದವುಗಳಿಗಿಂತ ಬಹಳ ಬೇಗ ತುಂಬಿದರೆ ಅಪರಾಧಿ ಸಿಕ್ಕಿದ. ಇವೆಲ್ಲ ಮುಗಿದ ಮೇಲೂ ಉತ್ತರ ಸಿಗದಿದ್ದರೆ ಆಗ ಪಂಪಿನ ಮಾತು ಆಡೋಣ.

ಇಲ್ಲಿ ಒಂದು ಎಚ್ಚರಿಕೆ. ಇದನ್ನು ಅರ್ಧ ನಿದ್ದೆಯಲ್ಲಿರುವವರೂ ದಯವಿಟ್ಟು ಕೇಳಿ. ಹಳೆಯ ಎಂಜಿನ್ನಿನಲ್ಲಿ ಯಾವ ಸಿಲಿಂಡರ್ ಸತ್ತಿದೆ ಎಂದು ನೋಡಲು ಮೇಸ್ತ್ರಿಗಳು ಎಂಜಿನ್ ಓಡುತ್ತಿರುವಾಗಲೇ ಒಂದೊಂದು ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸುತ್ತಿದ್ದರು. ಸಡಿಲಿಸಿದರೂ ಶಬ್ದ ಬದಲಾಗದ ಸಿಲಿಂಡರೇ ಸತ್ತದ್ದು. ಈ ಪದ್ಧತಿಯನ್ನು ಕಾಮನ್ ರೈಲ್ ಎಂಜಿನ್ನಿಗೆ ಎಂದೂ, ಎಂದೆಂದಿಗೂ ತರಬೇಡಿ. ಗಾಡಿಯ ಚಕ್ರದಲ್ಲಿರುವ ಗಾಳಿಯ ಒತ್ತಡ ಮೂರು ನಾಲ್ಕು ಬಾರ್. ಈ ಪೈಪಿನಲ್ಲಿ ಐಡ್ಲಿಂಗಿಗೇ ಮುನ್ನೂರು, ಲೋಡಿನಲ್ಲಿ ಸಾವಿರ ದಾಟುತ್ತದೆ. ಸೂಜಿಯಷ್ಟು ಸಣ್ಣ ಸೀಳಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಬೆರಳಿನೊಳಗೆ ಹೋಗುತ್ತದೆ. ಹೊರಗೆ ಕಾಣುವುದು ಇರುವೆ ಕಚ್ಚಿದಂಥ ಒಂದು ಚುಕ್ಕೆ, ಮೊದಲಿಗೆ ನೋವೂ ಹೆಚ್ಚಿರುವುದಿಲ್ಲ. ಒಳಗೆ ಮಾಂಸ ಕೊಳೆಯತೊಡಗುತ್ತದೆ. ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳು, ಕೆಲವೊಮ್ಮೆ ಕೈಯನ್ನೇ ಕಳೆದುಕೊಳ್ಳಬೇಕಾಗುತ್ತದೆ. ಆದ್ದರಿಂದ ಸೋರಿಕೆಯನ್ನು ಕೈಯಾಡಿಸಿ ಹುಡುಕಬೇಡಿ, ಒಂದು ರಟ್ಟಿನ ತುಂಡು ಹಿಡಿಯಿರಿ. ಎಂಜಿನ್ ನಿಲ್ಲಿಸಿದ ಕೂಡಲೇ ಪೈಪಿಗೆ ಪಾನೆ ಹಚ್ಚದೆ ಒತ್ತಡ ಇಳಿಯುವವರೆಗೆ ಹಲವು ನಿಮಿಷ ಬಿಡಿ. ಇಂಜೆಕ್ಟರ್ ಪರೀಕ್ಷಿಸುವ ಕೈಪಂಪಿನ ಮುಂದೆಯೂ ಬೆರಳು ಒಡ್ಡಬೇಡಿ, ಹಳೆಯ ಇಂಜೆಕ್ಟರ್ ಆದರೂ ಅಷ್ಟೇ. ಯಾರಿಗಾದರೂ ಹೀಗಾದರೆ ಅರಿಶಿನ ಒತ್ತಿ ಬಟ್ಟೆ ಕಟ್ಟಿ ಕೆಲಸ ಮುಂದುವರಿಸದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಒಯ್ಯಿರಿ, ಹೈ ಪ್ರೆಶರ್ ಡೀಸೆಲ್ ಒಳಗೆ ಹೋಗಿದೆ ಎಂದು ಡಾಕ್ಟರಿಗೆ ಸ್ಪಷ್ಟವಾಗಿ ಹೇಳಿ. ಗ್ಯಾರೇಜಿನಲ್ಲಿ ಕೆಲಸ ಮಾಡುವ ನಿಮ್ಮ ತಮ್ಮಂದಿರಿಗೆ, ಚಿಕ್ಕಪ್ಪಂದಿರಿಗೆ ಇವತ್ತೇ ರಾತ್ರಿ ಈ ಮಾತು ತಲುಪಿಸಿ. ಉಳಿದದ್ದು ಮರೆತರೂ ಚಿಂತೆಯಿಲ್ಲ.

ಇನ್ನು ಗಾಳಿಯ ಕಡೆ. ಟರ್ಬೋದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪು ಸೀಳಿದರೆ ಕಪ್ಪು ಹೊಗೆ, ಶಕ್ತಿ ಇಲ್ಲ, ಪಿ0299. ಕಬ್ಬಿನ ರವದಿಯ ಧೂಳು ತುಂಬಿದ ಏರ್ ಫಿಲ್ಟರ್ ಇದ್ದರೂ ಹೆಚ್ಚುಕಡಿಮೆ ಅದೇ ಲಕ್ಷಣ. ಈಜಿಆರ್ ವಾಲ್ವ್ ಮಸಿ ಕಟ್ಟಿ ತೆರೆದೇ ನಿಂತರೆ ಐಡ್ಲಿಂಗ್ ನಡುಗುತ್ತದೆ. ಪಿ0400ರ ಸಾಲಿನ ಕೋಡ್ ಬರುತ್ತದೆ. ಅದನ್ನು ಬಿಚ್ಚಿ ಮಸಿ ತೆಗೆದರೆ ಬಹಳ ಸಲ ಸರಿಹೋಗುತ್ತದೆ. ತಗಡಿನ ತುಂಡು ಇಟ್ಟು ಶಾಶ್ವತವಾಗಿ ಮುಚ್ಚಿಬಿಡುವ ಉಪಾಯ ನಮ್ಮಲ್ಲಿ ಜನಪ್ರಿಯ. ಕಾನೂನು ಅದನ್ನು ಒಪ್ಪುವುದಿಲ್ಲ, ಆ ಹೊಗೆಯನ್ನು ಕುಡಿಯುವುದೂ ನಮ್ಮ ಮಕ್ಕಳೇ. ನನಗಂತೂ ಅದು ರಿಪೇರಿ ಅನ್ನಿಸುವುದಿಲ್ಲ.

ಕೋಡ್ ಇಲ್ಲದ ನಡುಕವೂ ಉಂಟು. ಎಂಜಿನ್ ಕುಳಿತಿರುವ ರಬ್ಬರ್ ಮೌಂಟಿಂಗ್ ಹರಿದಿದ್ದರೆ ಎಲ್ಲ ಸಿಲಿಂಡರೂ ಚೆನ್ನಾಗಿ ಉರಿಯುತ್ತಿರುತ್ತವೆ, ಆದರೂ ಕ್ಯಾಬಿನ್ನೆಲ್ಲ ಗಡಗಡ. ಕಂಪ್ಯೂಟರಿಗೆ ರಬ್ಬರ್ ಕಾಣುವುದಿಲ್ಲ. ಕಂಪ್ರೆಷನ್ ಕುಸಿದಿದ್ದರೆ ಅದು ಮಿಸ್ ಎಂದಷ್ಟೇ ಹೇಳುತ್ತದೆ, ಕಾರಣ ಹೇಳುವುದಿಲ್ಲ. ಗೇಜು ಹಾಕಿ ನಾಲ್ಕೂ ಸಿಲಿಂಡರುಗಳನ್ನು ಒಂದಕ್ಕೊಂದು ಹೋಲಿಸಲೇಬೇಕು. ಪಂಪಿನ ಕಾಲದ ಗಾಡಿಗಳಿಗೆ ಹೊಗೆಯ ಪಾಠ ಇಂದಿಗೂ ನಿಜ: ಕಪ್ಪು ಎಂದರೆ ಗಾಳಿ ಕಡಿಮೆ ಅಥವಾ ಡೀಸೆಲ್ ಹೆಚ್ಚು, ನೀಲಿ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಬಿಳಿ ಎಂದರೆ ಡೀಸೆಲ್ ಉರಿಯದೆ ಹೊರಹೋಗುತ್ತಿದೆ ಅಥವಾ ನೀರು ಸೇರಿದೆ. ಪೆಟ್ರೋಲ್ ಮತ್ತು ಸಿಎನ್‌ಜಿ ಸಣ್ಣ ಗಾಡಿಗಳ ಕೆಲಸ ಸುಲಭ. ಒಂದೊಂದು ಸಿಲಿಂಡರಿಗೂ ಪ್ರತ್ಯೇಕ ಕಾಯಿಲ್ ಇದ್ದರೆ ಮೂರನೆಯದನ್ನು ಒಂದನೆಯದರ ಜೊತೆ ಅದಲು ಬದಲು ಮಾಡಿ. ಪಿ0303 ಹೋಗಿ ಪಿ0301 ಬಂದರೆ ತಪ್ಪು ಕಾಯಿಲಿನದು. ಖರ್ಚು ಸೊನ್ನೆ. ಡೀಸೆಲ್ ಕಾಮನ್ ರೈಲ್ ಇಂಜೆಕ್ಟರುಗಳನ್ನು ಮಾತ್ರ ಹೀಗೆ ಸುಮ್ಮನೆ ಅದಲು ಬದಲು ಮಾಡಲು ಹೋಗಬೇಡಿ. ಬಹಳಷ್ಟು ಎಂಜಿನ್ನುಗಳಲ್ಲಿ ಪ್ರತಿಯೊಂದರ ಮೇಲೂ ಕೆತ್ತಿದ ತಿದ್ದುಪಡಿ ಸಂಖ್ಯೆಯನ್ನು ಕಂಪ್ಯೂಟರಿಗೆ ಉಣಿಸಬೇಕಾಗುತ್ತದೆ, ತಾಮ್ರದ ವಾಷರನ್ನೂ ಹೊಸದು ಹಾಕಬೇಕು.

ಬಾಡಿಗೆ ಗಾಡಿ ಓಡಿಸುವವನಿಗೆ ಎಂಜಿನ್ನಿನ ಒಳಗೆ ಏನಿದೆ ಎಂದು ಕಾಣುವುದಿಲ್ಲ. ಕೀಲಿಯನ್ನು ನಿಮ್ಮ ಕೈಗೆ ಕೊಟ್ಟಾಗ ಅವನು ಗಾಡಿಯ ಜೊತೆ ತನ್ನ ನಂಬಿಕೆಯನ್ನೂ ಅಮಾನತ್ ಇಡುತ್ತಾನೆ. ತಕ್ಕಡಿಯಲ್ಲಿ ಮೋಸ ಮಾಡಬಾರದೆಂದು ನಾವು ಮದರಸಾದಲ್ಲಿ ಕಲಿತವರು. ಕೆಟ್ಟಿಲ್ಲದ ಪಂಪನ್ನು ಕೆಟ್ಟಿದೆ ಎಂದು ಬದಲಿಸುವುದೂ ಅದೇ ತಕ್ಕಡಿ ಎಂದು ನನ್ನ ಅಭಿಪ್ರಾಯ. ಗೊತ್ತಿದ್ದೂ ಮಾಡುವವರು ಕೆಲವರೇ. ಅಳೆಯಲು ಬಾರದ್ದರಿಂದ ಹಾಗೆ ಮಾಡುವವರು ಬಹಳ. ಆದ್ದರಿಂದ ಬಂದ ಕೋಡ್, ಅಳೆದ ಸಂಖ್ಯೆ, ಬದಲಿಸಿದ ಭಾಗ, ನಂತರದ ಸಂಖ್ಯೆ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಹಳೆಯ ಭಾಗದ ಜೊತೆ ಗಿರಾಕಿಯ ಕೈಗೆ ಕೊಡುವ ರೂಢಿ ಹಾಕಿಕೊಳ್ಳಿ. ಒಂದು ವರ್ಷದಲ್ಲಿ ನಿಮ್ಮ ವಹಿಯೇ ನಿಮ್ಮ ಪಠ್ಯಪುಸ್ತಕವಾಗುತ್ತದೆ.

ಈ ದಾರಿ ಹಿಡಿಯುವ ಆಸೆಯುಳ್ಳವರು ಹತ್ತನೆಯ ತರಗತಿ ಮುಗಿಸದೆ ಶಾಲೆ ಬಿಡಬೇಡಿ. ಐಟಿಐಯಲ್ಲಿ ಮೆಕ್ಯಾನಿಕ್ ಡೀಸೆಲ್ ಒಂದು ವರ್ಷದ್ದು, ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಎರಡು ವರ್ಷದ್ದು. ಹೆಣ್ಣುಮಕ್ಕಳೂ ಗಮನಿಸಬೇಕು: ಲೈವ್ ಡೇಟಾ ಓದಲು, ವಯರಿಂಗ್ ನಕ್ಷೆ ಬಿಡಿಸಲು ತೋಳಿನ ಬಲ ಬೇಕಿಲ್ಲ. ಫೋನಿಗೆ ಜೋಡಿಸುವ ಸಣ್ಣ ಅಡಾಪ್ಟರ್ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಸ್ಟೇರಿಂಗಿನ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಅದನ್ನು ಚುಚ್ಚಬೇಕು. ಕೆಲವು ಗಾಡಿಗಳು ಇಂಥ ಅಗ್ಗದ ಅಡಾಪ್ಟರಿನ ಜೊತೆ ಮಾತಾಡುವುದಿಲ್ಲ, ಹಾಗಾಗಿ ನಿಮ್ಮ ಗಾಡಿಗೆ ಹಚ್ಚಿ ನೋಡಿಯೇ ಕೊಳ್ಳಿ.

ಹೊರಗೆ ಸದಸ್ಯರೊಬ್ಬರ ಹಳೆಯ ಪಿಕಪ್ ಬೆಳಗಿನಿಂದ ಸ್ಟಾರ್ಟ್ ಮಾಡದೆ ನೆರಳಿನಲ್ಲಿ ನಿಂತಿದೆ. ನಮಾಜಿನ ನಂತರ ಆಸಕ್ತಿಯಿದ್ದವರು ವಹಿ, ಪೆನ್ನು ಹಿಡಿದು ಬನ್ನಿ. ಎಂಜಿನ್ ತಣ್ಣಗಿರುವಾಗ ನೀರಿನ ಉಷ್ಣತೆ, ಒಳಗೆ ಬರುವ ಗಾಳಿಯ ಉಷ್ಣತೆ ಎರಡೂ ಹೆಚ್ಚುಕಡಿಮೆ ಒಂದೇ ತೋರಿಸಬೇಕು. ಮೊದಲು ಅವೆರಡನ್ನೂ ಬರೆದುಕೊಳ್ಳೋಣ, ಆಮೇಲೆ ಸ್ಟಾರ್ಟ್ ಮಾಡೋಣ.